ಹೊಟ್ಟೆಯ ಹುಳಿ, ಕರುಳಿನ ಕಾವಲು

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಅದಕ್ಕೂ ಮೊದಲು ತುಮರಿ ಸೀಮೆಯ ರೋಗಿಗೆ ಸಾಗರದ ಹತ್ತಿರದ ದಾರಿಯೆಂದರೆ ಹೊಳೆಬಾಗಿಲಿನ ಲಾಂಚೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿದ ಮೇಲೆ ಅರವತ್ತು ವರ್ಷ ನಾವು ಹೀಗೆಯೇ ಕಳೆದೆವು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಬೆಳಗಿನವರೆಗೆ ಮನೆಯಲ್ಲಿದ್ದದ್ದೇ ಮದ್ದು. ಹೊಟ್ಟೆ ಉರಿದರೆ ಜೀರಿಗೆ ಕಷಾಯ, ಅದು ಬಗ್ಗದಿದ್ದರೆ ಒಂದು ಚಿಟಿಕೆ ಅಡಿಗೆ ಸೋಡಾ. ಮುಂದೆ ಜೆಲುಸಿಲ್, ಇನೋ ಬಂದವು. ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ‘ಗ್ಯಾಸ್ಟ್ರಿಕ್ ಮಾತ್ರೆ’ ಇಲ್ಲದ ಮನೆಯನ್ನು ಹುಡುಕಬೇಕು.

ನಮ್ಮ ದಾದಾ ಅವರಿಗೆ ಹೊಟ್ಟೆಹುಣ್ಣು ಇತ್ತು. 1960ರ ದಶಕದ ಕೊನೆಯಲ್ಲಿ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿ ಜಠರದ ಒಂದು ಭಾಗವನ್ನು ತೆಗೆದರು. ನೋವು ಹೋಯಿತು. ಆದರೆ ಮನುಷ್ಯ ಮತ್ತೆ ಮೊದಲಿನಂತಾಗಲಿಲ್ಲ. ಉಂಡ ಮೇಲೆ ಹೊಟ್ಟೆ ಉಬ್ಬರ, ಆಗಾಗ ಭೇದಿ, ವರ್ಷಗಳು ಕಳೆದಂತೆ ಮುಖ ಬಿಳಿಚಿಕೊಂಡು ಕಾಲು ಜೋಮು. ‘ಹುಣ್ಣು ತೆಗೆದರೂ ರೋಗ ಹೋಗಲಿಲ್ಲ’ ಎಂದು ಮನೆಯವರು ಮರುಗುತ್ತಿದ್ದರು. ಹುಣ್ಣು ಒಂದು ಕಾಯಿಲೆ, ಆಮೇಲೆ ಬಂದದ್ದು ಇನ್ನೊಂದು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಇವೆರಡರ ನಡುವಿನ ನಂಟಿನ ಚರಿತ್ರೆಯನ್ನು, ಮುಖ್ಯವಾಗಿ ಅದರಲ್ಲಿ ನಮ್ಮ ಮೈಸೂರಿನ ಪಾಲನ್ನು, ಈ ಸಂಚಿಕೆಯ ಓದುಗರ ಮುಂದಿಡುವುದು ನನ್ನ ಉದ್ದೇಶ.

ಹಕೀಮರಿಂದ ಕಾಖ್‌ವರೆಗೆ

ಹೊಟ್ಟೆಯನ್ನು ಪೂರ್ತಿ ತುಂಬಬಾರದು, ಉಸಿರಿಗೂ ಒಂದು ಪಾಲು ಬಿಡಬೇಕು ಎಂಬ ಪ್ರವಾದಿ(ಸ)ಯವರ ಉಪದೇಶ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಆ ಪರಂಪರೆಯ ವೈದ್ಯರು ಜಠರಕ್ಕೆ ದೊಡ್ಡ ಸ್ಥಾನ ಕೊಟ್ಟರು. 1037ರಲ್ಲಿ ನಿಧನರಾದ ಇಬ್ನು ಸೀನಾ ತಮ್ಮ ‘ಅಲ್‌ಕಾನೂನ್’ ಗ್ರಂಥದ ಮೂರನೆಯ ಭಾಗದಲ್ಲಿ ತಲೆಯಿಂದ ಕಾಲಿನವರೆಗಿನ ಕಾಯಿಲೆಗಳನ್ನು ಅಂಗಾಂಗವಾಗಿ ವಿವರಿಸುವಾಗ ಜಠರದ ರೋಗಗಳನ್ನೂ ವಿಸ್ತಾರವಾಗಿ ಚರ್ಚಿಸಿದ್ದಾರೆ. ಯೂರೋಪಿನ ವಿಶ್ವವಿದ್ಯಾಲಯಗಳು 17ನೆಯ ಶತಮಾನದವರೆಗೂ ಆ ಗ್ರಂಥವನ್ನು ಪಾಠ ಮಾಡಿದವು. ಯುನಾನಿ ಅಂಗಡಿಗಳಲ್ಲಿ ಇಂದಿಗೂ ಸಿಗುವ ‘ಜವಾರಿಶ್ ಕಮೂನಿ’ಯಲ್ಲಿ ಕಮೂನ್ ಎಂದರೆ ನಮ್ಮ ಜೀರಿಗೆಯೇ. ಆದರೆ ಸೂಕ್ಷ್ಮದರ್ಶಕವಿಲ್ಲದ ಕಾಲದ ಆ ಮಹನೀಯರಿಗೆ ಸೂಕ್ಷ್ಮಜೀವಿಗಳು ಕಾಣುವಂತಿರಲಿಲ್ಲ. ಅವರಿಗೆ ಎಲ್ಲವೂ ಗೊತ್ತಿತ್ತೆಂದು ಬರೆಯುವ ಚಪಲ ನಮ್ಮವರಲ್ಲಿ ಕೆಲವರಿಗಿದೆ. ಅದರಿಂದ ಅವರ ಗೌರವವೇನೂ ಹೆಚ್ಚುವುದಿಲ್ಲ.

ಜಠರದ ಹುಳಿಗೆ ಜೀರ್ಣಕ್ರಿಯೆಯಲ್ಲದೆ ಕಾವಲಿನ ಕೆಲಸವೂ ಇದೆ ಎಂಬುದು ಸ್ಪಷ್ಟವಾದದ್ದು ಕಾಲರಾ ಸಂಶೋಧನೆಯಲ್ಲಿ. ಜರ್ಮನಿಯ ರಾಬರ್ಟ್ ಕಾಖ್ 1883ರ ಕೊನೆಗೆ ಕಲ್ಕತ್ತೆಗೆ ಬಂದು, ಕಾಲರಾದ ರೋಗಾಣುವನ್ನು ಬೇರ್ಪಡಿಸಿ ಅಭ್ಯಾಸ ಮಾಡಿದರು. ಆದರೆ ಊರಿಗೆ ಮರಳಿ ಗಿನಿಯಿಲಿಗಳಿಗೆ ಅದನ್ನು ತಿನ್ನಿಸಿದರೆ ರೋಗ ಹತ್ತಲೇ ಇಲ್ಲ. ಆಗ ಅವರು ಎರಡು ಉಪಾಯ ಮಾಡಿದರು. ಮೊದಲು ಸೋಡಾ ಕೊಟ್ಟು ಜಠರದ ಆಮ್ಲವನ್ನು ತಣಿಸಿದರು. ಬಳಿಕ ಅಫೀಮಿನ ಟಿಂಕ್ಚರ್ ಕೊಟ್ಟು ಕರುಳಿನ ಚಲನೆಯನ್ನು ನಿಧಾನಗೊಳಿಸಿದರು. ಪ್ರಾಣಿಗಳಿಗೆ ಆಗ ರೋಗ ಹತ್ತಿತು. ವಿದ್ಯಾರ್ಥಿ ಮಿತ್ರರು ಈ ಪ್ರಯೋಗವನ್ನು ನೆನಪಿನಲ್ಲಿಡಬೇಕು. ನಮ್ಮ ಕರುಳಿಗೆ ಇಬ್ಬರು ಕಾವಲುಗಾರರು: ಬಾಗಿಲಲ್ಲಿ ನಿಂತು ಒಳಬರುವ ಸೂಕ್ಷ್ಮಜೀವಿಗಳನ್ನು ಸುಡುವ ಆಮ್ಲ, ಒಳಗೆ ನುಸುಳಿದವನ್ನು ಗುಡಿಸಿ ಕೆಳಕ್ಕೆ ತಳ್ಳುವ ಕರುಳಿನ ಚಲನೆ. ಕಾಖ್ ಇಬ್ಬರನ್ನೂ ಮಲಗಿಸಿದರು.

ಕಾಖ್‌ರ ವಾದವನ್ನು ಒಪ್ಪದ ಮ್ಯೂನಿಕ್ಕಿನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1892ರಲ್ಲಿ, ತಮ್ಮ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಕಾಲರಾ ರೋಗಾಣುಗಳಿದ್ದ ದ್ರವವನ್ನು ತಾವೇ ಕುಡಿದರು. ಜಠರದ ಆಮ್ಲ ತಮಗೆ ನೆರವಾಯಿತೆಂದು ಯಾರೂ ಆಕ್ಷೇಪಿಸದಿರಲಿ ಎಂದು ಮೊದಲೇ ಸೋಡಾ ಸೇವಿಸಿದ್ದರು. ಅಲ್ಪಸ್ವಲ್ಪ ಭೇದಿಯಾಗಿ ಬದುಕಿಕೊಂಡರು. ಹಟದಲ್ಲೂ ಪ್ರಾಮಾಣಿಕರಾಗಿದ್ದ ಆ ವೃದ್ಧರ ಬಗ್ಗೆ ನನಗೆ ಗೌರವವಿದೆ, ಅವರ ವಾದ ಸೋತಿದ್ದರೂ.

ಕತ್ತಿಯ ಕಾಲ, ಮೈಸೂರಿನ ಒಬ್ಬ ಸರ್ಜನ್

1881ರಲ್ಲಿ ವಿಯೆನ್ನಾದ ಥಿಯೊಡೋರ್ ಬಿಲ್‌ರೋತ್ ಕ್ಯಾನ್ಸರಿನ ರೋಗಿಯೊಬ್ಬರ ಜಠರದ ಕೆಳಭಾಗವನ್ನು ತೆಗೆದು, ಉಳಿದದ್ದನ್ನು ಕರುಳಿಗೆ ಜೋಡಿಸಿ ಯಶಸ್ವಿಯಾದರು. ಆ ವಿಧಾನ ಮುಂದೆ ಹುಣ್ಣಿನ ಚಿಕಿತ್ಸೆಗೂ ಬಂತು. ‘ಆಮ್ಲವಿಲ್ಲದೆ ಹುಣ್ಣಿಲ್ಲ’ ಎಂಬುದು ಅಂದಿನ ವೈದ್ಯರ ನಂಬಿಕೆ. ಆದ್ದರಿಂದ ಆಮ್ಲ ಸುರಿಸುವ ಭಾಗವನ್ನು ಕತ್ತರಿಸುವುದು, ಇಲ್ಲವೇ ಆಮ್ಲಕ್ಕೆ ಅಪ್ಪಣೆ ಕೊಡುವ ವೇಗಸ್ ನರವನ್ನು ಕತ್ತರಿಸುವುದು ವಾಡಿಕೆಯಾಯಿತು. ಹೀಗೆ ಕತ್ತರಿಸಿ ಜೋಡಿಸುವಾಗ ಕೆಲವು ವಿಧಾನಗಳಲ್ಲಿ ಸಣ್ಣಕರುಳಿನ ಒಂದು ತುಂಡು ಆಹಾರ ಹರಿಯದ ಕುರುಡು ಓಣಿಯಂತೆ ಉಳಿಯುತ್ತಿತ್ತು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಕರೆಯುವುದು ಮಿಷನ್ ಆಸ್ಪತ್ರೆ ಎಂದು. 1950ರ ದಶಕದ ಆರಂಭದಿಂದ 1967ರವರೆಗೆ ಅಲ್ಲಿ ಸರ್ಜನ್ ಆಗಿದ್ದವರು ಬ್ರಿಟನ್ನಿನ ಫ್ರಾಂಕ್ ಟೋವಿ. ಅದಕ್ಕೆ ಮೊದಲು ಅವರು ಚೀನಾದಲ್ಲಿ ಕೆಲಸ ಮಾಡಿದ್ದರು. ಮೈಸೂರಿನಲ್ಲಿ ಅವರ ಮೇಜಿನ ಮೇಲೆ ಬಂದವರಲ್ಲಿ ಡ್ಯುಯೊಡಿನಮ್, ಅಂದರೆ ಜಠರದಿಂದ ಇಳಿದೊಡನೆ ಸಿಗುವ ಸಣ್ಣಕರುಳಿನ ಮೊದಲ ಭಾಗ, ಹುಣ್ಣಾದ ರೋಗಿಗಳು ಬಹಳ. ಹುಣ್ಣು ಮಾಗಿ ಗಂಟುಕಟ್ಟಿ ಜಠರದ ಬಾಯಿಯೇ ಮುಚ್ಚಿಹೋಗಿ, ಉಂಡದ್ದೆಲ್ಲ ವಾಂತಿಯಾಗುವ ಸ್ಥಿತಿಯಲ್ಲಿ ಬರುತ್ತಿದ್ದವರೂ ಇದ್ದರು. ಬೇರೆ ಸರ್ಜನ್ನರೂ ಇಂಥ ರೋಗಿಗಳನ್ನು ನೋಡಿದ್ದರು, ಕತ್ತರಿಸಿದ್ದರು. ಟೋವಿ ಇನ್ನೂ ಒಂದು ಪ್ರಶ್ನೆ ಕೇಳಿಕೊಂಡರು: ಈ ರೋಗ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಏಕಿಲ್ಲ?

ದೇಶದ ನಾನಾ ಭಾಗಗಳ ವಿವರಗಳನ್ನು ಕೂಡಿಹಾಕಿ 1979ರಲ್ಲಿ ಅವರು ‘ಗಟ್’ ಎಂಬ ವೈದ್ಯಪತ್ರಿಕೆಯಲ್ಲಿ ಭಾರತ ಮತ್ತು ಬಾಂಗ್ಲಾದೇಶದ ಹುಣ್ಣಿನ ಬಗ್ಗೆ ಬರೆದರು. ಅನ್ನವೇ ಮುಖ್ಯ ಆಹಾರವಾದ ದಕ್ಷಿಣ ಮತ್ತು ಪೂರ್ವದ ಸೀಮೆಗಳಲ್ಲಿ ಡ್ಯುಯೊಡಿನಮ್ಮಿನ ಹುಣ್ಣು ಹೆಚ್ಚು; ಗೋಧಿ, ಕಿರುಧಾನ್ಯ, ಬೇಳೆಕಾಳು ತಿನ್ನುವ ಕಡೆ ಕಡಿಮೆ. ನಮ್ಮ ರಾಜ್ಯವೇ ಅನ್ನದ ಮಲೆನಾಡು–ಕರಾವಳಿ, ರಾಗಿಯ ಬಯಲು, ಜೋಳದ ಉತ್ತರ ಎಂದು ಮೂರಾಗಿ ಹರಡಿರುವಾಗ, ಇಂಥ ಪ್ರಶ್ನೆ ಮೈಸೂರಿನಲ್ಲಿ ಕುಳಿತವರಿಗೆ ಹೊಳೆದದ್ದು ಆಶ್ಚರ್ಯವಲ್ಲ.

ಟೋವಿಯವರ ಇನ್ನೊಂದು ಗುಣ ನನಗೆ ಇದಕ್ಕಿಂತ ದೊಡ್ಡದೆನಿಸುತ್ತದೆ. ಆಪರೇಷನ್ ಮುಗಿಸಿ ಕೈತೊಳೆದುಕೊಂಡವರಲ್ಲ ಅವರು. ಜಠರ ಕಳೆದುಕೊಂಡವರಲ್ಲಿ ವರ್ಷಗಳ ನಂತರ ಕಾಣಿಸುವ ರಕ್ತಹೀನತೆ, ಮೂಳೆ ಸವೆತಗಳನ್ನು ಇಂಗ್ಲೆಂಡಿಗೆ ಮರಳಿದ ಮೇಲೂ ಬೆನ್ನುಹತ್ತಿ ಅಭ್ಯಾಸ ಮಾಡಿದರು. ಈ ತೊಂದರೆಗಳಿಗೆ ಕಾರಣ ಒಂದಲ್ಲ. ಬಿ-12 ಜೀವಸತ್ವ ದೇಹಕ್ಕೆ ಸೇರಲು ಜಠರದಲ್ಲಿ ಉತ್ಪತ್ತಿಯಾಗುವ ಒಂದು ವಸ್ತು ಬೇಕು. ಜಠರ ಹೋದಷ್ಟು ಅದೂ ಹೋಗುತ್ತದೆ. ಕಬ್ಬಿಣ ಹೀರಲು ಆಮ್ಲ ಬೇಕು, ಅದೂ ಕಡಿಮೆ. ಇವುಗಳ ಜೊತೆಗೆ ಮೂರನೆಯದು ಆ ಕುರುಡು ಓಣಿಯ ಬ್ಯಾಕ್ಟೀರಿಯಾ.

ಆರೋಗ್ಯವಂತರ ಸಣ್ಣಕರುಳಿನ ಮೇಲ್ಭಾಗದಲ್ಲಿ ಸೂಕ್ಷ್ಮಜೀವಿಗಳು ಬಹಳ ಕಡಿಮೆ, ಒಂದು ಮಿಲಿಲೀಟರ್ ರಸದಲ್ಲಿ ಸಾವಿರದ ಆಸುಪಾಸು. ದೊಡ್ಡಕರುಳಿನ ಒಂದು ಗ್ರಾಂ ಮಲದಲ್ಲಾದರೋ ಸುಮಾರು ಹತ್ತು ಸಾವಿರ ಕೋಟಿ. ಕೆಳಗಿನ ಮನೆಯವರು ಮೇಲಿನ ಮನೆಯಲ್ಲಿ ಬಿಡಾರ ಹೂಡಿದರೆ ಆಗುವುದೇ ‘ಸಣ್ಣಕರುಳಿನ ಬ್ಯಾಕ್ಟೀರಿಯಾ ಅತಿವೃದ್ಧಿ’. ನಮಗೆ ಸೇರಬೇಕಾದ ಅನ್ನವನ್ನು ಅವು ಮೊದಲೇ ಹುದುಗಿಸಿ ವಾಯು ಮಾಡುತ್ತವೆ, ಪಿತ್ತರಸವನ್ನು ಕೆಡಿಸಿ ಕೊಬ್ಬು ಜೀರ್ಣವಾಗದಂತೆ ಮಾಡುತ್ತವೆ, ಬಿ-12 ಅನ್ನು ತಾವೇ ತಿನ್ನುತ್ತವೆ. ಕರುಳು ಕಟ್ಟಿಕೊಂಡ ರೋಗಿಗಳಲ್ಲಿ ವಿಚಿತ್ರ ರಕ್ತಹೀನತೆ ಇರುವುದನ್ನು ಡೆನ್ಮಾರ್ಕಿನ ಕ್ನುಡ್ ಫೇಬರ್ 1890ರ ದಶಕದಲ್ಲೇ ಗುರುತಿಸಿದ್ದರು. ನಮ್ಮ ದಾದಾ ಅವರ ಉಬ್ಬರ, ಭೇದಿ, ಬಿಳಿಚು, ಕಾಲಿನ ಜೋಮು ಎಲ್ಲವೂ ಈ ಚಿತ್ರಕ್ಕೆ ಹೊಂದುತ್ತವೆ. ಆಪರೇಷನ್ ಮಾಡಿದವರನ್ನು ದೂರುವುದು ನ್ಯಾಯವಲ್ಲ. ಅಂದು ಬೇರೆ ದಾರಿಯಿರಲಿಲ್ಲ.

ಇದೇ ಕಾಲದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್, ವಿ. ಐ. ಮಥನ್ ಮುಂತಾದವರು ‘ಟ್ರಾಪಿಕಲ್ ಸ್ಪ್ರೂ’ ಎಂಬ ದೀರ್ಘಕಾಲದ ಭೇದಿಯನ್ನು ಅಭ್ಯಾಸ ಮಾಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಸುತ್ತಮುತ್ತಲ ಹಳ್ಳಿಗಳಲ್ಲಿ ಅದು ಸಾಂಕ್ರಾಮಿಕವಾಗಿ ಹಬ್ಬಿತ್ತು. 1972ರಲ್ಲಿ ಆ ತಂಡ ಪ್ರಕಟಿಸಿದ ಸಂಗತಿ ಕುತೂಹಲಕರ: ರೋಗವಿಲ್ಲದ ದಕ್ಷಿಣ ಭಾರತೀಯರ ಸಣ್ಣಕರುಳಿನಲ್ಲಿಯೂ ಪಾಶ್ಚಾತ್ಯರಿಗೆ ಹೇಳುತ್ತಿದ್ದುದಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಸಿಗುತ್ತಿತ್ತು. ಬ್ಯಾಕ್ಟೀರಿಯಾ ಎಣಿಸಿದ ಮಾತ್ರಕ್ಕೆ ರೋಗ ಸಿದ್ಧವಾಗುವುದಿಲ್ಲ ಎಂಬ ಈ ಎಚ್ಚರಿಕೆ ಇಂದಿನ ಪರೀಕ್ಷೆಗಳಿಗೂ ಅನ್ವಯಿಸುತ್ತದೆ.

ಪರ್ತ್‌ನ ತಟ್ಟೆಗಳು

ಹುಣ್ಣಿನ ಕತೆಗೆ ತಿರುವು ಬಂದದ್ದು ಆಸ್ಟ್ರೇಲಿಯಾದಿಂದ. ಪರ್ತ್ ನಗರದ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ 1979ರಲ್ಲಿ ಜಠರದ ಒಳಪೊರೆಯ ಚೂರುಗಳಲ್ಲಿ ಬಾಗಿದ ಬ್ಯಾಕ್ಟೀರಿಯಾಗಳನ್ನು ಕಂಡರು. ಇಟಲಿಯ ಬಿಜ್ಜೊಜೆರೊ 1893ರಲ್ಲೇ ನಾಯಿಯ ಜಠರದಲ್ಲಿ ಇಂಥವನ್ನು ಕಂಡು ಚಿತ್ರ ಬರೆದಿದ್ದರೂ, ಆಮ್ಲದಲ್ಲಿ ಜೀವಿ ಬದುಕಲಾರದೆಂಬ ನಂಬಿಕೆ ಗಟ್ಟಿಯಾಗಿತ್ತು. 1954ರಲ್ಲಿ ಅಮೆರಿಕದ ಪಾಮರ್ ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ನೋಡಿ ಏನೂ ಇಲ್ಲವೆಂದ ಮೇಲಂತೂ ಹುಡುಕುವವರೇ ಇಲ್ಲವಾದರು. ಅವರು ಬಳಸಿದ ಬಣ್ಣ ಈ ಜೀವಿಯನ್ನು ತೋರಿಸುವಂಥದ್ದಾಗಿರಲಿಲ್ಲ.

ವಾರೆನ್ನರನ್ನು ಕೂಡಿಕೊಂಡ ತರುಣ ವೈದ್ಯ ಬ್ಯಾರಿ ಮಾರ್ಷಲ್ ಅದನ್ನು ತಟ್ಟೆಯಲ್ಲಿ ಬೆಳೆಸಲು ಹೊರಟರು. ಎರಡು ದಿನ ಕಾದು ಏನೂ ಕಾಣದಿದ್ದರೆ ತಟ್ಟೆ ಎಸೆಯುವುದು ಪ್ರಯೋಗಶಾಲೆಯ ರೂಢಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಹಾಗೆಯೇ ಉಳಿದವು, ರಜೆ ಮುಗಿಸಿ ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿತ್ತು. ಲೋಕ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ತಾವೇ ಅದನ್ನು ಕುಡಿದರು. ಕಾಖ್ ಗಿನಿಯಿಲಿಗೆ ಸೋಡಾ ಕೊಟ್ಟಂತೆ ಇವರೂ ಮೊದಲು ಆಮ್ಲ ತಗ್ಗಿಸುವ ಸಿಮೆಟಿಡಿನ್ ನುಂಗಿದ್ದರು! ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಕಂಡಿತು. (ಹೀಗೆ ತನ್ನ ದೇಹವನ್ನೇ ಅಪಾಯಕ್ಕೊಡ್ಡುವುದು ಸರಿಯೇ ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಚರ್ಚಾಕೂಟಕ್ಕೆ ಎತ್ತಿಕೊಳ್ಳಬಹುದು.) 1989ರಲ್ಲಿ ಆ ಜೀವಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೆಸರು ಸ್ಥಿರವಾಯಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ವಾರೆನ್ 2024ರಲ್ಲಿ ನಿಧನರಾದರು.

ಆಮ್ಲದ ಕಾವಲನ್ನು ದಾಟಿ ಈ ಜೀವಿ ಬದುಕುವುದಾದರೂ ಹೇಗೆ? ದೇಹದಲ್ಲಿ ಸಹಜವಾಗಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು, ತನ್ನ ಸುತ್ತ ಮಾತ್ರ ಆಮ್ಲವನ್ನು ತಣಿಸಿಕೊಳ್ಳುತ್ತದೆ. ಬಾಲ್ಯದಲ್ಲೇ, ಹೆಚ್ಚಾಗಿ ಮನೆಯವರಿಂದಲೇ ಅಂಟುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತದೆ.

ಎಲ್ಲರಲ್ಲೂ ಅದು ಒಂದೇ ಕೆಲಸ ಮಾಡುವುದಿಲ್ಲ. ಕೆಲವರಲ್ಲಿ ಜಠರದ ಕೆಳಭಾಗದಲ್ಲಿ ಮಾತ್ರ ನೆಲೆಸುತ್ತದೆ. ಅವರಲ್ಲಿ ಆಮ್ಲ ಹೆಚ್ಚಿ ಡ್ಯುಯೊಡಿನಮ್ಮಿನಲ್ಲಿ ಹುಣ್ಣಾಗುತ್ತದೆ. ಇನ್ನು ಕೆಲವರಲ್ಲಿ ಜಠರದ ಮೇಲ್ಭಾಗಕ್ಕೂ ಉರಿಯೂತ ಹಬ್ಬಿ, ಆಮ್ಲ ಸುರಿಸುವ ಗ್ರಂಥಿಗಳು ವರ್ಷಗಳಲ್ಲಿ ಸೊರಗುತ್ತವೆ, ಆಮ್ಲ ಕಡಿಮೆಯಾಗುತ್ತದೆ. ಕರುಳಿನ ಅತಿವೃದ್ಧಿಗೆ ಹಾದಿ ಈ ಎರಡನೆಯ ಬಗೆಯಿಂದ. ಸರ್ಜನ್ ಕತ್ತಿಯಿಂದ ಮಾಡಿದ್ದನ್ನು, ಕಾಖ್ ಸೋಡಾದಿಂದ ಮಾಡಿದ್ದನ್ನು ಈ ಜೀವಿ ಸದ್ದಿಲ್ಲದೆ ಮಾಡುತ್ತದೆ.

ಹಾಗೆಂದು ಪೈಲೋರಿ ಇದ್ದವರಿಗೆಲ್ಲ ಅತಿವೃದ್ಧಿ ಇದೆ ಎನ್ನಲಾಗದು. ಎರಡೂ ಒಟ್ಟಿಗೆ ಹೆಚ್ಚಾಗಿ ಕಾಣುತ್ತವೆ ಎಂದ ಅಧ್ಯಯನಗಳಿವೆ. ಸಂಬಂಧ ಕಾಣದ ಅಧ್ಯಯನಗಳೂ ಇವೆ. ಬಿಡಿಸಲು ಕಷ್ಟವಾದ ಗಂಟುಗಳು ಹಲವು. ಪೈಲೋರಿಗೆ ಕೊಡುವ ಆಂಟಿಬಯಾಟಿಕ್ ಸಣ್ಣಕರುಳಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದರಿಂದ, ರೋಗಿಗೆ ಗುಣವಾದದ್ದು ಯಾವುದು ಸತ್ತದ್ದರಿಂದ ಎಂದು ಹೇಳಲಾಗುವುದಿಲ್ಲ. ಪರೀಕ್ಷೆಯೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಯೂರಿಯಾ ಕುಡಿಸಿ ಉಸಿರಿನಲ್ಲಿ ಪೈಲೋರಿಯ ಗುರುತು ಹಿಡಿಯುವ ಪರೀಕ್ಷೆಯಲ್ಲಿ, ಆಮ್ಲ ಬತ್ತಿದ ಜಠರದಲ್ಲಿ ಬೆಳೆದ ಬೇರೆ ಬ್ಯಾಕ್ಟೀರಿಯಾಗಳೂ ಯೂರಿಯಾ ಒಡೆದು ಪೈಲೋರಿಯ ವೇಷ ಹಾಕಬಲ್ಲವು.

ಕಾಖ್‌ರ ಎರಡನೆಯ ಕಾವಲುಗಾರನ ವಿಷಯವೂ ಮುಂದುವರಿದಿದೆ. ಹೊಟ್ಟೆ ಖಾಲಿಯಿದ್ದಾಗ ಸುಮಾರು ಒಂದೂವರೆ ಗಂಟೆಗೊಮ್ಮೆ ಕರುಳಿನಲ್ಲಿ ಕಸ ಗುಡಿಸುವಂಥ ಒಂದು ಅಲೆ ಏಳುತ್ತದೆ. 1977ರಲ್ಲಿ ಬೆಲ್ಜಿಯಂನ ವಾಂಟ್ರಾಪನ್ ಮತ್ತು ಸಂಗಡಿಗರು, ಈ ಅಲೆ ಕೆಟ್ಟವರಲ್ಲಿ ಬ್ಯಾಕ್ಟೀರಿಯಾ ಅತಿವೃದ್ಧಿ ಇರುವುದನ್ನು ತೋರಿಸಿದರು. ತಿಂಡಿ ಬಾಯಿಗೆ ಬಿದ್ದೊಡನೆ ಅಲೆ ನಿಲ್ಲುತ್ತದೆ. ರೋಝಾ ಆಚರಿಸುವ ನಮಗೆ ಇದು ಹಿತವೆನಿಸುವ ಸಂಗತಿ. ಆದರೆ ಉಪವಾಸದಿಂದಲೇ ಈ ರೋಗ ವಾಸಿಯಾಗುತ್ತದೆಂದು ಭಾಷಣ ಮಾಡುವುದು ಆತುರ. ಹುಣ್ಣು ಕೆರಳಿದವರು ರಮಝಾನಿಗೆ ಮುನ್ನ ವೈದ್ಯರನ್ನು ಕಾಣುವುದೇ ಸರಿ, ರೋಗಿಗೆ ದೀನ್ ರಿಯಾಯಿತಿ ಕೊಟ್ಟಿದೆ.

ಹುರಳಿಯ ಮಾತು

ಪೈಲೋರಿ ಬೆಳಕಿಗೆ ಬಂದ ಮೇಲೆ ಟೋವಿಯವರ ಅನ್ನ–ಗೋಧಿಯ ಲೆಕ್ಕವನ್ನು ಜಗತ್ತು ಬದಿಗಿಟ್ಟಿತು. ಅವರು ಬಿಡಲಿಲ್ಲ. 1999ರಲ್ಲಿ ಮೈಕೇಲ್ ಹಾಬ್ಸ್‌ಲಿ ಅವರೊಡನೆ ಬರೆದ ಲೇಖನದಲ್ಲಿ ಡ್ಯುಯೊಡಿನಮ್ಮಿನ ಹುಣ್ಣಿಗೆ ಪೈಲೋರಿಯೇ ಮೂಲಕಾರಣವೇ ಎಂದು ಪ್ರಶ್ನಿಸಿದರು. ಭಾರತದಲ್ಲಿ ಬಹುಪಾಲು ವಯಸ್ಕರಿಗೆ ಪೈಲೋರಿ ಅಂಟಿರುತ್ತದೆ. ಹುಣ್ಣು ಹೆಚ್ಚಿರುವ ಸೀಮೆಯಲ್ಲೂ ಕಡಿಮೆಯಿರುವ ಸೀಮೆಯಲ್ಲೂ ಸೋಂಕು ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ? ಆಹಾರದಲ್ಲಿ ಹುಣ್ಣನ್ನು ತಡೆಯುವ ಅಂಶ ಇರಬೇಕೆಂದು, ಎ. ಪಿ. ಜಯರಾಜ್ ಮತ್ತಿತರರೊಡನೆ ಅವರು ಇಲಿಗಳ ಮೇಲೆ ಧಾನ್ಯ, ಕಾಳುಗಳನ್ನು ಒಂದೊಂದಾಗಿ ಪರೀಕ್ಷಿಸಿದ್ದರು. ರಕ್ಷಿಸುವ ಗುಣ ಎದ್ದುಕಂಡವುಗಳಲ್ಲಿ ಒಂದು ಹುರಳಿ, ಅದರಲ್ಲೂ ಅದರ ಜಿಡ್ಡಿನ ಅಂಶ. ಎತ್ತಿಗೆ ಬೇಯಿಸಿಟ್ಟ ಹುರಳಿಯ ಕಟ್ಟಿನಲ್ಲಿ ಸಾರು ಮಾಡುವ ಮಲೆನಾಡಿನ ಅಡಿಗೆಮನೆ ಇದನ್ನು ಓದಿ ನಗಬಹುದು.

ಔಷಧದಿಂದ ಪೈಲೋರಿಯನ್ನು ಅಳಿಸಿದರೆ ಹುಣ್ಣು ಮರುಕಳಿಸುವುದು ಬಹಳಮಟ್ಟಿಗೆ ನಿಲ್ಲುತ್ತದೆ. ಟೋವಿ ಅದನ್ನು ಅಲ್ಲಗಳೆಯಲಿಲ್ಲ. ಅವರ ತಕರಾರು ಹುಣ್ಣು ಮೊದಲು ಏಕೆ ಆಗುತ್ತದೆ ಎಂಬುದರ ಬಗ್ಗೆ. ನನ್ನ ಅಭಿಪ್ರಾಯದಲ್ಲಿ ಅವರು ಪೂರ್ತಿ ಗೆದ್ದಿಲ್ಲ, ಆದರೆ ಅವರ ಪ್ರಶ್ನೆಗೆ ಪೂರ್ತಿ ಉತ್ತರವೂ ಸಿಕ್ಕಿಲ್ಲ. ಹುರಳಿ ಸಾರು ಹುಣ್ಣಿನ ಔಷಧವೆಂದು ಮಾತ್ರ ಯಾರೂ ತಿಳಿಯಬಾರದು.

ಕತ್ತಿಯ ಕಾಲ ಮುಗಿದದ್ದು ಮಾತ್ರೆಯಿಂದ. 1976ರಲ್ಲಿ ಸಿಮೆಟಿಡಿನ್, 1980ರ ದಶಕದ ಕೊನೆಗೆ ಅದಕ್ಕಿಂತ ಬಲವಾದ ಒಮೆಪ್ರಜೋಲ್, ಆಮೇಲೆ ಪ್ಯಾಂಟೊಪ್ರಜೋಲ್ ಬಂದವು. ಎಷ್ಟೋ ಜೀವ ಉಳಿಸಿದ ಔಷಧಗಳಿವು. ನೋವಿನ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ವೃದ್ಧರಿಗೆ ವೈದ್ಯರು ಇವನ್ನು ಬರೆದಿದ್ದರೆ ತಾವಾಗಿ ನಿಲ್ಲಿಸಲೇಬಾರದು. ಆದರೆ ಯಾರೂ ಬರೆದುಕೊಡದೆ ಅಂಗಡಿಯಿಂದ ತಂದು ಐದು ವರ್ಷ, ಹತ್ತು ವರ್ಷ ನುಂಗುವವರು ನಮ್ಮಲ್ಲಿ ಬಹಳ. ಇಂಥ ದೀರ್ಘ ಸೇವನೆಗೂ ಸಣ್ಣಕರುಳಿನ ಅತಿವೃದ್ಧಿಗೂ ನಂಟಿದೆಯೆಂದು ಹಲವು ಅಧ್ಯಯನಗಳು ಕಂಡಿವೆ. ಉಬ್ಬರಕ್ಕೆಂದು ನುಂಗಿದ ಮಾತ್ರೆಯಿಂದಲೇ ಉಬ್ಬರ ಮುಂದುವರಿಯುತ್ತಿರಬಹುದು. ಒಳಗಿರುವ ಪೈಲೋರಿಯಂತೂ ಅದರಿಂದ ಸಾಯುವುದಿಲ್ಲ, ಪರೀಕ್ಷೆಯಲ್ಲಿ ಅವಿತುಕೊಳ್ಳುತ್ತದೆ. ಆದ್ದರಿಂದಲೇ ಉಸಿರಿನ ಅಥವಾ ಮಲದ ಪರೀಕ್ಷೆಗೆ ಮುನ್ನ ವೈದ್ಯರ ಸಲಹೆಯಂತೆ ಎರಡು ವಾರ ಈ ಮಾತ್ರೆಯನ್ನೂ, ನಾಲ್ಕು ವಾರ ಆಂಟಿಬಯಾಟಿಕ್ಕನ್ನೂ ಬಿಟ್ಟಿರಬೇಕಾಗುತ್ತದೆ. ಸೇತುವೆ ದಾಟಿ ಹೋದವರು ಈ ವಿಷಯ ಕೇಳಿಕೊಂಡು ಬಂದರೆ ಎರಡನೆಯ ಸಲ ಹೋಗುವುದು ತಪ್ಪುತ್ತದೆ.

ದಾದಾ ಅವರಿಗೆ ಕೊನೆಗಾಲದಲ್ಲಿ ಒಬ್ಬ ವೈದ್ಯರು ತಿಂಗಳಿಗೊಂದು ಇಂಜೆಕ್ಷನ್ ಬರೆದರು. ಔಷಧದ ಬಣ್ಣ ಕೆಂಪು. ಅದನ್ನು ಚುಚ್ಚಿಸಿಕೊಳ್ಳಲು ತಿಂಗಳಿಗೊಮ್ಮೆ ಲಾಂಚ್ ಹತ್ತುತ್ತಿದ್ದರು. ಕೆಲವೇ ತಿಂಗಳಲ್ಲಿ ಮುಖಕ್ಕೆ ಕಳೆ ಬಂತು, ನಮಾಝಿಗೆ ಮಸೀದಿಯವರೆಗೆ ನಡೆಯತೊಡಗಿದರು. ಅದನ್ನು ನಾವೆಲ್ಲ ರಕ್ತದ ಇಂಜೆಕ್ಷನ್ ಎಂದೇ ತಿಳಿದಿದ್ದೆವು. ಅದು ಬಿ-12. ಆ ಕೆಂಪು ಕೋಬಾಲ್ಟಿನಿಂದ ಬರುವ ಬಣ್ಣ.